ರೂವಾರಿ ಮಲ್ಲಿತಮ್ಮ

ಹೊಯ್ಸಳ ಶಿಲ್ಪ ಎಂದೊಡನೆ ನಮ್ಮ ನಾಲಗೆಯ ಮೇಲೆ ಮೊದಲು ಬರುವ ಹೆಸರು ಜಕಣಾಚಾರಿಯದು. ಶಾಲೆಯ ಪಾಠದಲ್ಲಿ ಓದಿದ್ದೇವೆ, ಅಜ್ಜಿಯ ಬಾಯಲ್ಲಿ ಕೇಳಿದ್ದೇವೆ, ೧೯೬೪ರಲ್ಲಿ ತೆರೆ ಕಂಡ ‘ಅಮರಶಿಲ್ಪಿ ಜಕಣಾಚಾರಿ’ ಎಂಬ ಬಣ್ಣದ ಚಿತ್ರದಲ್ಲಿ ಕಲ್ಯಾಣ್‌ಕುಮಾರರ ರೂಪದಲ್ಲಿ ಕಂಡೂ ಇದ್ದೇವೆ. ಎಳೆಯ ಹುಡುಗ ಡಂಕಣ ಬಂದು ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದದ್ದು, ಮೈಗೆಲ್ಲ ಗಂಧ ಬಳಿದಾಗ ಹೊಕ್ಕುಳ ಬಳಿ ಮಾತ್ರ ಒಣಗದೆ ಉಳಿದದ್ದು, ಅಲ್ಲಿಂದ ಕಪ್ಪೆ ಹೊರಬಂದದ್ದು, ಕೊಟ್ಟ ಮಾತಿನಂತೆ ತಂದೆ ತನ್ನ ಬಲಗೈಯನ್ನೇ ಕತ್ತರಿಸಿಕೊಂಡದ್ದು, ಕೊನೆಗೆ ತುಮಕೂರಿನ ಬಳಿಯ ಕೈದಾಳದಲ್ಲಿ ಆ ಕೈ ಮರಳಿ ಬಂದದ್ದು, ಇವೆಲ್ಲ ನಮಗೆ ಬಾಯಿಪಾಠ. ಕರ್ನಾಟಕ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೂ ಜಕಣಾಚಾರಿಯದೇ ಹೆಸರು. ಆದರೆ ಬೇಲೂರಿನ ವಿಗ್ರಹಗಳ ಪೀಠಗಳನ್ನು ಒಂದೊಂದಾಗಿ ಹುಡುಕಿ ಓದಿದ ವಿದ್ವಾಂಸರಿಗೆ ಅಲ್ಲಿ ಹಲವು ಶಿಲ್ಪಿಗಳ ಹೆಸರು ಸಿಕ್ಕಿತು; ಜಕಣಾಚಾರಿಯದು ಸಿಗಲಿಲ್ಲ. ಕಥೆ ಚೆನ್ನಾಗಿದೆ, ನಾವೂ ಮಕ್ಕಳಿಗೆ ಹೇಳುತ್ತೇವೆ, ಮುಂದೆಯೂ ಹೇಳೋಣ. ಆದರೆ ತನ್ನ ಹೆಸರನ್ನು ತಾನೇ ಉಳಿಯಿಂದ ಕೊರೆದಿಟ್ಟು ಹೋದ, ಕಥೆಯ ಹಂಗಿಲ್ಲದೆ ನಿಜವಾಗಿ ಬದುಕಿದ್ದ ಇನ್ನೊಬ್ಬ ಶಿಲ್ಪಿ ನಮಗಿದ್ದಾನೆ. ಅವನನ್ನು ಪಂಡಿತರು ಚೆನ್ನಾಗಿ ಬಲ್ಲರು. ನಾವು ನೀವು ಅಷ್ಟಾಗಿ ಬಲ್ಲವರಲ್ಲ. ಅವನೇ ಮಲ್ಲಿತಮ್ಮ.

ಹೆಸರನ್ನು ಕೇಳಿದ ಕೂಡಲೇ ನಮ್ಮ ಮಕ್ಕಳು ಇದು ಹೆಂಗಸಿನ ಹೆಸರೇ ಎಂದು ಕೇಳುವುದುಂಟು. ‘ಅಮ್ಮ’ ಅಲ್ಲ, ‘ತಮ್ಮ’. ಮಲ್ಲಿ ಮತ್ತು ತಮ್ಮ ಸೇರಿ ಮಲ್ಲಿತಮ್ಮ. ಮನೆಯಂಗಳದಲ್ಲಿ ಕೂಗಿ ಕರೆಯುವಂಥ, ಆಡಂಬರವಿಲ್ಲದ ಹಳ್ಳಿಯ ಹೆಸರು. ಅವನ ಕಾಲದ ದೊಡ್ಡವರ ಹೆಸರುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ದೇವಾಲಯ ಕಟ್ಟಿಸಿದ ದಂಡನಾಯಕನ ಶಾಸನ ತೆರೆದರೆ ಅವನ ವಂಶ, ಅವನ ಬಿರುದು, ಅವನ ಗೆಲುವು, ಅವನ ದಾನ ಎಂದು ಸಾಲು ಸಾಲು ಸಂಸ್ಕೃತ ಸಮಾಸಗಳು ತೇರಿನಂತೆ ಸಾಗುತ್ತವೆ. ಅದೇ ಗುಡಿಯ ಗೋಡೆಯಲ್ಲಿ, ಒಂದು ವಿಗ್ರಹದ ಕಾಲಡಿಯಲ್ಲಿ, ಬೆರಳಗಲದ ಜಾಗದಲ್ಲಿ ಮಲ್ಲಿತಮ್ಮ ಎಂದಷ್ಟೇ ಇರುತ್ತದೆ. ಕೆಲವು ಕಡೆ ಅಷ್ಟೂ ಇಲ್ಲ, ಬರಿಯ ಮಲ್ಲಿ. ಇನ್ನೂ ಕೆಲವೆಡೆ ಒಂದೇ ಒಂದು ಅಕ್ಷರ, ಮ. (ನಮ್ಮ ವೆಂಕಟೇಶಮೂರ್ತಿಗಳು ಈ ದೇಶಕ್ಕೆ ಬಂದ ಆರು ತಿಂಗಳಲ್ಲಿ ವೆಂಕಿ ಆಗುವುದನ್ನು ಕಂಡಿದ್ದೇವೆ. ಮಲ್ಲಿತಮ್ಮನಿಗೆ ಅಂಥ ಬಲವಂತವೇನೂ ಇರಲಿಲ್ಲ. ಕೆಲಸದ ಅವಸರ ಇದ್ದಿರಬೇಕು.)

ಅವನ ಹೆಸರಿನ ಹಿಂದೆ ಸೇರಿಸಿ ಹೇಳುವ ‘ರೂವಾರಿ’ ಎಂಬ ಮಾತನ್ನು ಕುರಿತು ಇಲ್ಲಿಯೇ ಎರಡು ಮಾತು. ರೂಪಕಾರ ಎಂಬುದರಿಂದ ಬಂದ ಶಬ್ದ ಇದು; ಕಲ್ಲಿನಲ್ಲಿ ರೂಪ ಬಿಡಿಸುವವನು ಎಂದರ್ಥ. ಇಂದು ಪತ್ರಿಕೆ ತೆರೆದರೆ ನವ ಕರ್ನಾಟಕದ ರೂವಾರಿ, ಯೋಜನೆಯ ರೂವಾರಿ, ಗೆಲುವಿನ ರೂವಾರಿ ಎಂದು ಮಂತ್ರಿಗಳಿಗೂ ಆಟಗಾರರಿಗೂ ಧಾರಾಳವಾಗಿ ಹಂಚಿಬಿಡುತ್ತಾರೆ. ಉಳಿ ಸುತ್ತಿಗೆ ಹಿಡಿದು ಕೈಗೆ ದಡ್ಡು ಕಟ್ಟಿಸಿಕೊಂಡವರ ಕಸುಬಿನ ಹೆಸರು ಕಾಲಾಂತರದಲ್ಲಿ ಹಾರ ಹಾಕಿಸಿಕೊಳ್ಳುವವರ ಪಾಲಾಗಿದೆ. ಭಾಷೆ ಹೀಗೆಯೇ ನಡೆಯುತ್ತದೆ, ಇರಲಿ.

ಅವನು ಕೆಲಸ ಮಾಡಿದ ಕಲ್ಲು ಯಾವುದೆಂಬುದನ್ನೂ ತಿಳಿಯುವುದು ಅಗತ್ಯ. ಅದಿಲ್ಲದೆ ಅವನ ಬದುಕು ಅರ್ಥವಾಗದು. ಬಾದಾಮಿಯ ಚಾಲುಕ್ಯರು ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದರು. ಹೊಯ್ಸಳರ ನಾಡಿನಲ್ಲಿ ಗುಡಿ ಕಟ್ಟಿದ್ದು ಬಳಪದ ಕಲ್ಲಿನಿಂದ. ಹೌದು, ನಾವು ನೀವು ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ತಿದ್ದಿದ ಬಳಪದ ಜಾತಿಯದೇ. ಮಲೆನಾಡಿನ ಹಳೆಯ ಮನೆಗಳಲ್ಲಿ ಹುಳಿ, ಉಪ್ಪಿನಕಾಯಿ ಇಡುತ್ತಿದ್ದ ಕಲ್ಲಿನ ಮರಿಗೆಗಳೂ ಇಂಥ ಕಲ್ಲಿನವೇ. ನೆಲದಿಂದ ಎಬ್ಬಿಸಿದಾಗ ಇದು ಮೆತ್ತಗಿರುತ್ತದೆ, ಮರ ಕೆತ್ತಿದಂತೆ ಕೆತ್ತಬಹುದು. ಗಾಳಿಗೆ ಬಿದ್ದು ವರುಷಗಳು ಕಳೆದಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಬಳೆಯ ಒಳಗೊಂದು ಬಳೆ, ಹೂವಿನ ಎಸಳಿನ ಹಿಂದೆ ಬೆಳಕು ಹಾಯುವ ಸಂದು, ಹಣ್ಣಿನ ಮೇಲೆ ಕುಳಿತ ಹುಳು, ಇವನ್ನೆಲ್ಲ ಕೆತ್ತಲು ಸಾಧ್ಯವಾದದ್ದು ಇದರಿಂದಲೇ. ತಿರುಗಣೆಗೆ ಕೊಟ್ಟು ಕಡೆದ ಕಂಬಗಳು ಕನ್ನಡಿಯಂತೆ ಹೊಳೆಯುವುದೂ ಇದರಿಂದಲೇ. ಮೆತ್ತನೆಯ ಕಲ್ಲಿಗೆ ಒಂದು ಅಪಾಯವೂ ಉಂಟು. ಕೈಯಲ್ಲಿ ಚಳಕವಿದ್ದವನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಮರೆತುಬಿಡಬಹುದು. ಒಡವೆಯ ಭಾರದಲ್ಲಿ ದೇವರ ಮುಖವೇ ಮಂಕಾಗಬಹುದು. ಹೊಯ್ಸಳ ಶಿಲ್ಪದ ಬಗ್ಗೆ ಈ ಆಕ್ಷೇಪಣೆ ಹಳೆಯದು, ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು.

ಮಲ್ಲಿತಮ್ಮನ ಹೆಸರು ಮೊದಲು ಕಾಣುವುದು ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ. ಇಮ್ಮಡಿ ವೀರಬಲ್ಲಾಳನ ಕಾಲ. ಅಮೃತೇಶ್ವರ ದಂಡನಾಯಕನೆಂಬ ಸೇನಾಧಿಪತಿ ೧೧೯೬ರಲ್ಲಿ ಕಟ್ಟಿಸಿದ ಶಿವನ ಗುಡಿ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾಗಿ ಆಗಲೇ ಸುಮಾರು ಎಂಬತ್ತು ವರ್ಷವಾಗಿತ್ತು. ಅಮೃತಾಪುರದ ಗುಡಿಯ ವಿಶೇಷ ಅದರ ವಿಶಾಲವಾದ ತೆರೆದ ಮಂಟಪ. ಅದರ ಹೊರಗೋಡೆಯ ತೆಂಕಣ ಬದಿಯಲ್ಲಿ ಎಪ್ಪತ್ತು ಫಲಕಗಳಲ್ಲಿ ರಾಮಾಯಣ, ಬಡಗಣ ಬದಿಯಲ್ಲಿ ಇಪ್ಪತ್ತೈದರಲ್ಲಿ ಕೃಷ್ಣನ ಬಾಲಲೀಲೆ, ನಲವತ್ತೈದರಲ್ಲಿ ಮಹಾಭಾರತ. ಒಳಗೆ ತಲೆಯೆತ್ತಿದರೆ ಅಂಕಣ ಅಂಕಣಕ್ಕೂ ಗುಮ್ಮಟದಂತೆ ಕೊರೆದ ಭುವನೇಶ್ವರಿಗಳು. ಮಲ್ಲಿತಮ್ಮ ತನ್ನ ಕಸುಬನ್ನು ಇಲ್ಲಿ, ಈ ಭುವನೇಶ್ವರಿಗಳ ಕೆಲಸದಿಂದ ಆರಂಭಿಸಿದನೆಂದು ಕಲಾಚರಿತ್ರೆಯವರು ಹೇಳುತ್ತಾರೆ. ಆಗ ಅವನು ಮೀಸೆ ಚಿಗುರುವ ವಯಸ್ಸಿನವನಿದ್ದಿರಬೇಕು. ಮುಂದಿನ ಅವನ ಸಹಿಗಳ ಕಾಲವನ್ನು ಕೂಡಿಸಿ ಲೆಕ್ಕ ಹಾಕಿದರೆ ಅದಕ್ಕಿಂತ ಹೆಚ್ಚಿನ ವಯಸ್ಸು ಹೊಂದುವುದಿಲ್ಲ. ಗುಡಿಯ ಮಾಡಿನಲ್ಲಿ ಮೊಗ್ಗು ಬಿಡಿಸುವ ಕೆಲಸ ಕಲಿಯುವ ಹುಡುಗನಿಗೆ ತಕ್ಕದ್ದು; ತಪ್ಪಿದರೂ ಭಕ್ತರ ಕಣ್ಣಿಗೆ ಸುಲಭವಾಗಿ ಬೀಳದು!

ಅದೇ ಅಮೃತಾಪುರದಲ್ಲಿ ಒಂದು ಶಾಸನವಿದೆ. ಅದರ ಪದ್ಯಗಳನ್ನು ಬರೆದವನು ಜನ್ನ. ‘ಯಶೋಧರ ಚರಿತೆ’ಯ ಜನ್ನನೇ, ಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದವನು. ಆ ಕಾವ್ಯ ಬರುವುದಕ್ಕೆ (೧೨೦೯) ಇನ್ನೂ ಹತ್ತು ಹನ್ನೆರಡು ವರ್ಷವಿತ್ತು, ಆದ್ದರಿಂದ ಅವನೂ ಆಗ ತರುಣನೇ. ಒಂದೇ ಗುಡಿಗೆ ಒಬ್ಬನು ಮಾತು ಕೊಟ್ಟ, ಇನ್ನೊಬ್ಬನು ಮಾಡು ಕೆತ್ತಿದ. ಜನ್ನನ ಹೆಸರು ಪಠ್ಯಪುಸ್ತಕಕ್ಕೆ ಬಂತು, ಅವನ ಕಾವ್ಯದ ಮೇಲೆ ನಾಟಕ ಬಂತು, ಪರೀಕ್ಷೆಯಲ್ಲಿ ಪ್ರಶ್ನೆಯೂ ಬಂತು. ಮಲ್ಲಿತಮ್ಮ ಅಂಕಣದ ನೆರಳಿನಲ್ಲೇ ಉಳಿದ. ಕವಿ ತನ್ನ ಕಥೆಯನ್ನು ತಾನೇ ಬರೆದುಕೊಳ್ಳಬಲ್ಲ. ಕೆತ್ತುವವನಿಗೆ ಸಿಗುವುದು ಪೀಠದ ಅಂಚು ಮಾತ್ರ.

ಅಲ್ಲಿಂದ ಮುಂದಕ್ಕೆ ಸುಮಾರು ನಾಲ್ಕು ದಶಕ ದಾಟಬೇಕು. ಬಲ್ಲಾಳ ಹೋಗಿ, ಅವನ ಮಗ ಇಮ್ಮಡಿ ನರಸಿಂಹ ಆಳಿ, ಮೊಮ್ಮಗ ಸೋಮೇಶ್ವರ ಪಟ್ಟಕ್ಕೆ ಬಂದಿದ್ದಾನೆ. ರಾಜನ ಮನಸ್ಸು ತಮಿಳುನಾಡಿನ ಕಡೆ. ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲಿ ಅವನ ಬೀಡು. ಇತ್ತ ಕನ್ನಡ ನಾಡಿನಲ್ಲಿ ಗುಡಿ ಕಟ್ಟಿಸುವ ಹುಮ್ಮಸ್ಸು ಅರಸರಿಂದ ಅಧಿಕಾರಿಗಳ ಕೈಗೆ ಬಂದಿದೆ. ದಂಡನಾಯಕರು, ಹೆಗ್ಗಡೆಗಳು ತಂತಮ್ಮ ಊರಿನಲ್ಲಿ ಅಗ್ರಹಾರ ಮಾಡಿ, ಭೂಮಿ ದಾನ ಕೊಟ್ಟು, ನಡುವೆ ಒಂದು ಗುಡಿ ನಿಲ್ಲಿಸುತ್ತಿದ್ದಾರೆ. ಮಲ್ಲಿತಮ್ಮನಂಥವರಿಗೆ ಕೆಲಸ ಸಿಕ್ಕಿದ್ದು ಇಂಥ ಸಣ್ಣ ಊರುಗಳಲ್ಲಿ. ಅರಸೀಕೆರೆಯ ಹತ್ತಿರದ ಹಾರನಹಳ್ಳಿಯಲ್ಲಿ ಪೆದ್ದಣ್ಣ ಹೆಗ್ಗಡೆ ಮತ್ತು ಅವನ ತಮ್ಮಂದಿರು ೧೨೩೫ರ ಸುಮಾರಿಗೆ ಕಟ್ಟಿಸಿದ ಗುಡಿಯ ಕೆಲಸದಲ್ಲಿ ಅವನಿದ್ದ. ಕೃಷ್ಣರಾಜಪೇಟೆ ಸೀಮೆಯ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳು ಸಾಲಾಗಿ ನಿಂತ ಪಂಚಲಿಂಗೇಶ್ವರದಲ್ಲಿಯೂ (೧೨೩೮ರ ಸುಮಾರು) ಅವನ ಕೈ ಇದೆ. ಇವು ಪ್ರವಾಸದ ಬಸ್ಸುಗಳು ನಿಲ್ಲುವ ಊರುಗಳಲ್ಲ. ಒಂದು ಊರಿನಲ್ಲಿ ಕೆಲಸ ಮುಗಿದ ಮೇಲೆ ಉಳಿಗಳನ್ನು ಗಂಟು ಕಟ್ಟಿಕೊಂಡು ಇನ್ನೊಂದು ಊರು. ಅಲ್ಲಿ ಮತ್ತೆ ಸೋಗೆಯ ಚಪ್ಪರ, ಮತ್ತೆ ಹೊಸ ಯಜಮಾನ, ಮತ್ತೆ ಹೊಸ ನೀರು. ಕೆಲಸವಿದ್ದ ಕಡೆ ಮನೆ ಎಂಬ ಈ ಬದುಕನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅವನ ಕೈಯ ಗುಣವನ್ನು ಕಣ್ಣಾರೆ ಅಳೆದು ನೋಡಬೇಕಾದರೆ ನುಗ್ಗೇಹಳ್ಳಿಗೆ ಹೋಗಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಈ ಊರಿಗೆ ಆಗ ವಿಜಯ ಸೋಮನಾಥಪುರ ಎಂಬ ದೊಡ್ಡ ಹೆಸರು. ಸೋಮೇಶ್ವರನ ಸೇನಾಪತಿ ಬೊಮ್ಮಣ್ಣ ದಂಡನಾಯಕ ೧೨೪೬ರಲ್ಲಿ ಇಲ್ಲಿ ಲಕ್ಷ್ಮೀನರಸಿಂಹ ದೇವಾಲಯ ಕಟ್ಟಿಸಿದ. ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹ ಎಂದು ಮೂರು ಗರ್ಭಗುಡಿಗಳ ತ್ರಿಕೂಟ. ಬೊಮ್ಮಣ್ಣ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ಅಥವಾ ಅವನ ಮೇಸ್ತ್ರಿಗಳು ಮಾಡಿದ ಕೆಲಸವೆಂದರೆ, ಗುಡಿಯನ್ನು ನಡುವೆ ಸೀಳಿದಂತೆ ಇಬ್ಬರು ಶಿಲ್ಪಿಗಳಿಗೆ ಹಂಚಿದ್ದು. ತೆಂಕಣ ಬದಿ ನಂದಿಯ ಬೈಚೋಜನಿಗೆ, ಬಡಗಣ ಬದಿ ಮಲ್ಲಿತಮ್ಮನಿಗೆ. ಇಬ್ಬರೂ ತಮ್ಮ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಒಂದೇ ಕಲ್ಲು, ಒಂದೇ ಕಾಲ, ಅವವೇ ದೇವತೆಗಳು. ಕೈ ಮಾತ್ರ ಬೇರೆ. ಹೊಲದ ಬದುವಿನ ಎರಡು ಬದಿಯ ಬೆಳೆಯನ್ನು ನೋಡಿ ರೈತರ ಕಸುಬನ್ನು ತೂಗುವ ಹಾಗೆ ಇಲ್ಲಿ ಎರಡು ಉಳಿಗಳನ್ನು ತೂಗಬಹುದು.

ಬೈಚೋಜ ಓಜ. ಓಜ ಎಂದರೆ ಗುರು, ಕಸುಬಿನಲ್ಲಿ ಪಳಗಿದವನು. ಅವನು ಬಿರುದಾಂಕಿತ, ತನ್ನ ಊರು ನಂದಿ ಎಂದು ಹೇಳಿಕೊಂಡವನು. ಅವನ ವಿಗ್ರಹಗಳು ಗಂಭೀರ, ನಯ, ಮೈಕೈ ಪ್ರಮಾಣಬದ್ಧ; ಎಲ್ಲಿಯೂ ಬೆರಳಿಟ್ಟು ತಪ್ಪು ತೋರಿಸಲಾಗದು. ಮಲ್ಲಿತಮ್ಮನ ಕಡೆ ಬಂದರೆ ಆ ನಯ ಸ್ವಲ್ಪ ಕಡಿಮೆ. ಅದರ ಬದಲು ಒಂದು ಚುರುಕು ಇದೆ, ಕುಣಿಯುವ ಕಾಲು ನಿಜವಾಗಿ ನೆಲ ಬಿಟ್ಟಂತೆ, ಕೈ ಎತ್ತಿದವನು ಇನ್ನೇನು ಹೊಡೆದುಬಿಡುವಂತೆ. ತಿದ್ದಿ ತೀಡಿದ ಬೈಚೋಜನಿಗಿಂತ ಮಲ್ಲಿತಮ್ಮ ಹೆಚ್ಚು ಜೀವಂತ, ಆದರೆ ಕಡಿಮೆ ಅಚ್ಚುಕಟ್ಟು ಎಂಬುದು ಬಲ್ಲವರ ತೀರ್ಪು. ನಮಗೂ ಹಾಗೆಯೇ ಅನ್ನಿಸುತ್ತದೆ. ಒಬ್ಬರನ್ನು ಮೇಲೆ ಒಬ್ಬರನ್ನು ಕೆಳಗೆ ಇಡುವ ಗೋಜಿಗೆ ಹೋಗದೆ ಇಷ್ಟು ಹೇಳಬಹುದು: ಪೂಜೆಗೆ ಕೂರುವಾಗ ಬೈಚೋಜನ ದೇವರು ಬೇಕು, ಕಥೆ ಕೇಳಬೇಕೆನಿಸಿದಾಗ ಮಲ್ಲಿತಮ್ಮನ ಗೋಡೆಯ ಕಡೆ ತಿರುಗಬೇಕು.

ನುಗ್ಗೇಹಳ್ಳಿಯಿಂದ ಜಾವಗಲ್ಲು. ಇಲ್ಲಿಯದೂ ಲಕ್ಷ್ಮೀನರಸಿಂಹನ ತ್ರಿಕೂಟ ದೇವಾಲಯ, ೧೨೫೦ರ ಸುಮಾರಿನದು. ಇಲ್ಲಿಯೂ ಮಲ್ಲಿತಮ್ಮನ ಸಹಿ. ಜಾವಗಲ್ಲಿನ ಹೆಸರು ನಮ್ಮ ಮನೆಯ ಹುಡುಗರಿಗೆಲ್ಲ ಗೊತ್ತು, ಗುಡಿಯಿಂದಲ್ಲ, ವೇಗದ ಬೌಲರ್ ಶ್ರೀನಾಥರಿಂದ. ಊರಿನ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಂಡು ಲಾರ್ಡ್ಸ್ ಮೈದಾನದವರೆಗೆ ಒಯ್ದವರು ಅವರು. ಶಿಲ್ಪಿಗಳಲ್ಲಿಯೂ ಈ ಪದ್ಧತಿ ಇತ್ತು. ಬೇಲೂರಿನ ಮದನಿಕೆಯರಲ್ಲಿ ಕೆಲವರನ್ನು ಕೆತ್ತಿದ ದಾಸೋಜ ತನ್ನ ಊರು ಬಳ್ಳಿಗಾವೆ ಎಂದು ಮರೆಯದೆ ಬರೆದ; ಜತೆಯಲ್ಲಿ ಕೆಲಸ ಮಾಡಿದ ಅವನ ಮಗ ಚಾವಣನೂ ಹೆಸರು ಹಾಕಿದ. ನಾಗೋಜನೆಂಬವನು ಗದಗಿನವನು. ಬೇಲೂರಿಗೆ ಬಂದು ಕಲ್ಲು ಕೆತ್ತುವಾಗ ಅವರಿಗೆ ತಮ್ಮೂರು ದೂರದಲ್ಲಿತ್ತು. ಅದಕ್ಕೇ ಅದನ್ನು ಕಲ್ಲಿನ ಮೇಲೆ ಹತ್ತಿರ ತಂದುಕೊಂಡರು ಎಂದು ನಮ್ಮ ಭಾವನೆ. ಮಲ್ಲಿತಮ್ಮ ಮಾತ್ರ ಊರು ಹೇಳದೆ ಹೆಸರಷ್ಟೇ ಹಾಕುತ್ತಾ ಹೋದ. ಅವನು ದುಡಿದ ಊರುಗಳನ್ನೇ ಅವನ ಊರು ಎಂದುಕೊಳ್ಳಬೇಕು.

ಈಗ ಸೋಮನಾಥಪುರ. ಮೈಸೂರಿನಿಂದ ಮೂವತ್ತೈದು ಕಿಲೋಮೀಟರು, ಕಾವೇರಿಯ ಬಳಿ. ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ತನ್ನ ಹೆಸರಿನಲ್ಲಿ ಅಗ್ರಹಾರ ಮಾಡಿ, ಅದರಲ್ಲಿ ಕಟ್ಟಿಸಿದ ಕೇಶವ ದೇವಾಲಯಕ್ಕೆ ಸಾಮಾನ್ಯವಾಗಿ ಕೊಡುವ ಕಾಲ ೧೨೫೮. ಹತ್ತು ವರ್ಷ ಈಚೆಗೆ, ೧೨೬೮ ಎನ್ನುವವರೂ ಇದ್ದಾರೆ. ಹೊಯ್ಸಳರ ದೊಡ್ಡ ಗುಡಿಗಳಲ್ಲಿ ಕೊನೆಯದು ಎಂದು ಹೇಳಬಹುದಾದದ್ದು, ಮತ್ತು ಮೂರು ಗೋಪುರಗಳೂ ಶಿಖರದವರೆಗೆ ಉಳಿದುಬಂದ ಭಾಗ್ಯ ಇದರದು. ಹದಿನಾರು ಮೂಲೆಯ ನಕ್ಷತ್ರದಂತೆ ಒಂದೊಂದು ಗರ್ಭಗುಡಿ, ಸುತ್ತಲೂ ಅರುವತ್ತನಾಲ್ಕು ಗೂಡುಗಳ ಕೈಸಾಲೆ. ಹೊರಗೋಡೆಯ ಬುಡದಿಂದ ಮೇಲಕ್ಕೆ ಆನೆಗಳ ಸಾಲು, ಕುದುರೆ ಸವಾರರ ಸಾಲು, ಬಳ್ಳಿಯ ಸಾಲು, ಪುರಾಣದ ಸಾಲು, ಮಕರದ ಸಾಲು, ಹಂಸದ ಸಾಲು. ಅದರ ಮೇಲೆ ದೊಡ್ಡ ವಿಗ್ರಹಗಳು ಒಟ್ಟು ೧೯೪. ಇವುಗಳಲ್ಲಿ ನಲವತ್ತು ಮಲ್ಲಿತಮ್ಮನ ಸಹಿಯವು. ಉಳಿದವುಗಳಲ್ಲಿ ಮಸಣಿತಮ್ಮ, ಚಾಮೆಯ, ರಾಮೆಯ, ಬಾಲೆಯ, ಚೌಡೆಯ, ನಂಜೆಯ, ಲೋಹಿತ ಮುಂತಾದವರ ಹೆಸರುಗಳಿವೆ. ಈ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಆಸ್ಥಾನದ ಹೆಸರುಗಳಲ್ಲ ಇವು. ಸಂತೆಯಲ್ಲಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುವ ಹೆಸರುಗಳು. ನಂಜಯ್ಯ, ಚೌಡಯ್ಯ, ರಾಮಯ್ಯ ಇಂದಿಗೂ ನಮ್ಮ ಊರುಗಳಲ್ಲಿ ಇದ್ದಾರೆ.

ನಲವತ್ತು ಎಂದರೆ ಸಣ್ಣ ಲೆಕ್ಕವಲ್ಲ. ಈ ಗುಡಿಯಲ್ಲಿ ಮತ್ತಾವ ಶಿಲ್ಪಿಯ ಹೆಸರೂ ಇಷ್ಟು ಸಲ ಬರುವುದಿಲ್ಲ. ಅಮೃತಾಪುರದ ೧೧೯೬ಕ್ಕೂ ಇದಕ್ಕೂ ನಡುವೆ ಅರುವತ್ತೆರಡು ವರ್ಷ. ಅಂದರೆ ಇಲ್ಲಿಗೆ ಬರುವಾಗ ಮಲ್ಲಿತಮ್ಮ ಎಂಬತ್ತರ ಹತ್ತಿರದ ಮುದುಕ, ನಾಲ್ವರು ದೊರೆಗಳ ಆಳ್ವಿಕೆ ಕಂಡವನು. ಎಂಬತ್ತರ ವಯಸ್ಸಿನಲ್ಲಿ ನಲವತ್ತು ವಿಗ್ರಹವೇ, ಇವನು ಒಬ್ಬನೋ ಅಥವಾ ಅಜ್ಜನ ಹೆಸರು ಹೊತ್ತ ಮೊಮ್ಮಗನೂ ಇದರಲ್ಲಿ ಸೇರಿದ್ದಾನೋ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮಲ್ಲಿ ರೂಢಿ. ನಾವು ಒಬ್ಬನೇ ಎನ್ನುವವರ ಕಡೆ. ಆ ವಯಸ್ಸಿನಲ್ಲಿ ಅವನು ಎಲ್ಲವನ್ನೂ ತಾನೇ ಕಡಿದಿರಲಿಕ್ಕಿಲ್ಲ. ಕಲ್ಲು ಒರಟಾಗಿ ಬಿಡಿಸುವುದು, ಆಭರಣದ ಮುತ್ತು ಕೊರೆಯುವುದು ಶಿಷ್ಯರ ಕೆಲಸವಾಗಿ, ಮುಖ ಮತ್ತು ಕೈಬೆರಳು ಅವನದಾಗಿದ್ದರೆ ಆಶ್ಚರ್ಯವಿಲ್ಲ. ಸಂಗೀತದ ಮನೆಗಳಲ್ಲಿ, ಅಡಿಗೆಯ ಮನೆಗಳಲ್ಲಿ ಹೀಗೆಯೇ ಅಲ್ಲವೆ? ಒಗ್ಗರಣೆ ಹಾಕಿದವರ ಹೆಸರೇ ಅಡಿಗೆಗೆ.

ಈ ದೇಶದಲ್ಲಿರುವ ನಮಗೆ ಒಂದು ಹೋಲಿಕೆ ಹತ್ತಿರದಲ್ಲಿಯೇ ಇದೆ. ಊರಿನಿಂದ ಬಂದ ತಂದೆತಾಯಿಯರನ್ನು ಸ್ಟೋನ್‌ಹೆಂಜಿಗೆ ಕರೆದೊಯ್ದವರು ಹಾಗೆಯೇ ಸಾಲ್ಸ್‌ಬರಿಯ ಕೆಥೆಡ್ರಲ್ಲನ್ನೂ ತೋರಿಸಿಕೊಂಡು ಬರುತ್ತಾರೆ. ಅದರ ತಳಪಾಯ ೧೨೨೦ರಲ್ಲಿ, ಪ್ರತಿಷ್ಠೆ ೧೨೫೮ರಲ್ಲಿ. ಸೋಮನಾಥಪುರಕ್ಕೆ ಹೇಳುವ ವರ್ಷವೇ! ಆ ಎತ್ತರದ ಶಿಖರ ಮಾತ್ರ ಆಮೇಲಿನದು. ನುಗ್ಗೇಹಳ್ಳಿಯ ಗುಡಿ ಏಳುತ್ತಿದ್ದ ದಿನಗಳಲ್ಲಿ ಲಂಡನ್ನಿನಲ್ಲಿ ಮೂರನೆಯ ಹೆನ್ರಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯನ್ನು ಹೊಸದಾಗಿ ಕಟ್ಟಿಸಲು ತೊಡಗಿದ್ದ. ಇಲ್ಲಿಯ ಆ ಕಾಲದ ಕಲ್ಲುಕುಟಿಗರೂ ತಾವು ಕಡಿದ ಕಲ್ಲಿನ ಮೇಲೆ ಗುರುತು ಹಾಕುತ್ತಿದ್ದರು. ಒಂದು ಬಾಣ, ಒಂದು ಕತ್ತರಿ ಗೆರೆ, ಒಂದು ತ್ರಿಕೋನ. ಎಷ್ಟು ಕಲ್ಲು ಕಡಿದನೆಂದು ಕೂಲಿ ಲೆಕ್ಕ ಹಾಕಲು ಅದು ಬೇಕಾಗಿತ್ತು. ಗುರುತು ಉಳಿದಿದೆ, ಗುರುತಿನ ಒಡೆಯ ಯಾರೋ. ಹೊಯ್ಸಳ ಶಿಲ್ಪಿಗಳ ಸಹಿಯೂ ಕೂಲಿಯ ಲೆಕ್ಕಕ್ಕೇ ಇದ್ದಿರಬಹುದು ಎಂಬ ವಾದವಿದೆ. ಮಲ್ಲಿತಮ್ಮನ ಒಂಟಿ ಅಕ್ಷರ ಮ ನೋಡಿದರೆ ಅದು ನಿಜವೆನ್ನಿಸುತ್ತದೆ. ಆದರೆ ಲೆಕ್ಕಕ್ಕಾದರೆ ಬಿರುದು ಏತಕ್ಕೆ? ಬೇಲೂರಿನ ಚಾವಣ ತನ್ನನ್ನು ಬಿರುದುಳ್ಳ ಶಿಲ್ಪಿಗಳೆಂಬ ಮನ್ಮಥನಿಗೆ ಶಿವ ಎಂದು ಕರೆದುಕೊಂಡ. ಎದುರಾಳಿಗಳನ್ನು ಹಣೆಗಣ್ಣಿನಿಂದ ಸುಟ್ಟುಬಿಡುವವನೆಂದು ತಾತ್ಪರ್ಯ. ಕೂಲಿ ಕೊಡುವ ಪಾರುಪತ್ತೇಗಾರನಿಗೆ ಇದರಿಂದ ಆಗಬೇಕಾದ್ದೇನೂ ಇಲ್ಲ. ಇದು ಜಂಬ, ಒಳ್ಳೆಯ ಜಂಬ. ಅಕ್ಷರ ಬಲ್ಲ ಕಸುಬುದಾರ ತನ್ನ ಭಾಷೆಯಲ್ಲಿ ತನ್ನ ಹೆಸರನ್ನು ದೇವರ ಪಾದದ ಕೆಳಗೆ ಬರೆಯಬಹುದಾಗಿದ್ದ, ಬರೆದರೆ ಯಜಮಾನನು ಅಳಿಸಿಹಾಕದಿದ್ದ ನಾಡು ಅದು. ನಮ್ಮ ದೇಶದ ಬಹಳ ಕಡೆ ಇದು ಆಗಲಿಲ್ಲ. ಒಡ್ಡೋಲಗದ ಇತಿಹಾಸಕ್ಕಿಂತ ಈ ಒಂದು ಸಂಗತಿ ನಮಗೆ ಹೆಚ್ಚಿನದಾಗಿ ತೋರುತ್ತದೆ.

ಸೋಮನಾಥಪುರದ ಬಳಿಕ ಮಲ್ಲಿತಮ್ಮನ ಹೆಸರು ಕಾಣುವುದಿಲ್ಲ. ಅಷ್ಟು ಹೊತ್ತಿಗೆ ಗುಡಿ ಕಟ್ಟುವ ಕಾಲವೇ ಮುಗಿಯುತ್ತಾ ಬಂದಿತ್ತು. ೧೩೧೧ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರದ ಮೇಲೆ ಬಿತ್ತು. ಮುಂದೆ ಮೂರು ದಶಕಗಳಲ್ಲಿ ಹೊಯ್ಸಳ ರಾಜ್ಯವೇ ಇಲ್ಲವಾಯಿತು. ಬಳಪದ ಕಲ್ಲಿನಲ್ಲಿ ಕೆತ್ತುತ್ತಿದ್ದ ಮನೆತನಗಳು ಚೆದುರಿಹೋದವು. ಅನಂತರ ಬಂದ ವಿಜಯನಗರದವರು ಹೆಚ್ಚಾಗಿ ಹಿಡಿದದ್ದು ಗಟ್ಟಿಯಾದ ಕಗ್ಗಲ್ಲನ್ನು, ಅದಕ್ಕೆ ಬೇರೆಯೇ ಉಳಿ, ಬೇರೆಯೇ ಕೈ.

ಪೀಠದ ಮೇಲಿನ ಈ ಅಕ್ಷರಗಳು ನಮ್ಮ ಕಾಲಕ್ಕೆ ಮತ್ತೆ ಬಾಯಿ ಬಿಟ್ಟದ್ದು ಮೈಸೂರು ಪ್ರಾಚ್ಯವಸ್ತು ಇಲಾಖೆಯ ದಯದಿಂದ. ಆ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು (೧೮೬೦-೧೯೩೬) ೧೯೧೭ರಲ್ಲಿ ಸೋಮನಾಥಪುರದ ಕೇಶವ ದೇವಾಲಯದ ಮೇಲೆ ಒಂದು ಪುಟ್ಟ ಪುಸ್ತಕ ಪ್ರಕಟಿಸಿದರು. ಎರಡು ವರ್ಷದ ಮೇಲೆ ಬೇಲೂರಿನದು. ವಿಗ್ರಹಗಳನ್ನು ಎಣಿಸಿ, ಸಹಿಗಳನ್ನು ಓದಿ, ಯಾರದು ಎಷ್ಟು ಎಂದು ಪಟ್ಟಿ ಮಾಡಿದರು. ಮೂರು ಸಂಪುಟಗಳ ‘ಕರ್ಣಾಟಕ ಕವಿಚರಿತೆ’ ಬರೆದು ನಮ್ಮ ಕವಿಗಳನ್ನು ಮರೆವಿನಿಂದ ಎತ್ತಿ ತಂದವರೂ ಅವರೇ ಎಂಬುದನ್ನು ನೆನೆದರೆ ಈ ಕೆಲಸದ ಔಚಿತ್ಯ ಇನ್ನಷ್ಟು ಹೊಳೆಯುತ್ತದೆ. ಕವಿಚರಿತೆಯ ಜತೆಗೆ ಶಿಲ್ಪಿಚರಿತೆಯನ್ನೂ ಅವರು ಮೂರು ಸಂಪುಟ ಬರೆಯಬಹುದಾಗಿತ್ತೆ? ಸಾಮಗ್ರಿ ಅಷ್ಟಿಲ್ಲ. ಇರುವುದು ಹೆಸರು, ಊರು, ವರ್ಷ, ಮತ್ತು ಅವನು ಕೆತ್ತಿದ ಕಲ್ಲು. ಮಲ್ಲಿತಮ್ಮನ ಹೆಂಡತಿ ಯಾರು, ಕೊಟ್ಟ ಕೂಲಿ ಸಾಕಾಗುತ್ತಿತ್ತೆ, ಕಣ್ಣು ಮಂಜಾದ ಮೇಲೆ ಯಾರು ನೋಡಿಕೊಂಡರು ಎಂದು ಬರೆಯಲು ಕಾದಂಬರಿಕಾರರು ಬೇಕು. ನಮಗೆ ಇರುವಷ್ಟರಲ್ಲಿಯೇ ತೃಪ್ತಿಯಿದೆ.

೨೦೨೩ರ 셉್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆ ಬೇಲೂರು, ಹಳೇಬೀಡುಗಳ ಜತೆಯಲ್ಲಿ ಸೋಮನಾಥಪುರವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೀಗಾಗಿ ಮಲ್ಲಿತಮ್ಮನ ನಲವತ್ತು ವಿಗ್ರಹಗಳು ಈಗ ಲೋಕಕ್ಕೆಲ್ಲ ಸೇರಿದವು. ನುಗ್ಗೇಹಳ್ಳಿ, ಜಾವಗಲ್ಲು, ಹಾರನಹಳ್ಳಿ, ಅಮೃತಾಪುರಗಳು ಆ ಪಟ್ಟಿಯಲ್ಲಿಲ್ಲ.

ರಜೆಯಲ್ಲಿ ಊರಿಗೆ ಹೋಗುವವರಿಗೆ ಒಂದೆರಡು ಸೂಚನೆ ಕೊಟ್ಟು ಮುಗಿಸುತ್ತೇವೆ. ಸೋಮನಾಥಪುರಕ್ಕೆ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಓರೆ ಬಿಸಿಲು ಗೋಡೆಗೆ ತಾಗುವಾಗ ಅಕ್ಷರದ ಗೆರೆಗಳಲ್ಲಿ ನೆರಳು ನಿಂತು ಓದಲು ಬರುತ್ತದೆ. ನಡು ಮಧ್ಯಾಹ್ನ ಎಲ್ಲ ಒಂದೇ ಸಮ ಬೆಳ್ಳಗಾಗಿ ಏನೂ ಕಾಣದು. ಎಲ್ಲರೂ ವಿಗ್ರಹದ ಮುಖ ನೋಡುತ್ತಾ ಸಾಗುತ್ತಾರೆ. ನೀವು ಬಗ್ಗಿ ಪೀಠದ ಅಂಚು ನೋಡಿ. ಅಕ್ಷರ ಹಳೆಯ ಕಾಲದ್ದಾದರೂ ಕನ್ನಡವೇ. ಮಕ್ಕಳನ್ನು ಮುಂದೆ ಬಿಡಿ, ಅವರ ಕಣ್ಣು ಆ ಎತ್ತರಕ್ಕೆ ಸರಿಯಾಗಿರುತ್ತದೆ. ನುಗ್ಗೇಹಳ್ಳಿಗೆ ಹೋದರೆ ಮೊದಲು ತೆಂಕಣ ಬದಿ ನೋಡಿಕೊಂಡು ಆಮೇಲೆ ಬಡಗಣಕ್ಕೆ ಬನ್ನಿ. ಅಲ್ಲಿ ಪೂಜೆ ಇನ್ನೂ ನಡೆಯುತ್ತಿದೆ. ಬಾಗಿಲು ಹಾಕಿದ್ದರೆ ಅರ್ಚಕರ ಮನೆ ಎಲ್ಲಿ ಎಂದು ಬೀದಿಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ.